ಪೊಟ್ಟಣ ಉಳಿಯಿತು, ಅದಲುಬದಲು ಹೋಯಿತು

2007ರ ಅಕ್ಟೋಬರ್ ತಿಂಗಳಲ್ಲಿ ಸೋನಿ ಕಂಪನಿ ತನ್ನ ಪ್ಲೇಸ್ಟೇಷನ್ 3 ಯಂತ್ರಕ್ಕೆಂದು ಒಂದು ಆಟವನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಸರು ‘ದಿ ಐ ಆಫ್ ಜಡ್ಜ್‌ಮೆಂಟ್’. ವಿಡಿಯೋ ಗೇಮ್ ಎಂದರೆ ಒಂದು ಡಿಸ್ಕು, ಒಂದು ಕೈಪಿಡಿ ಎಂದು ತಿಳಿದಿದ್ದವರಿಗೆ ಇದರ ಪೆಟ್ಟಿಗೆಯೇ ಆಶ್ಚರ್ಯ ಹುಟ್ಟಿಸುವಂತಿತ್ತು. ಅದರೊಳಗೆ ಒಂದು ಪುಟ್ಟ ಕ್ಯಾಮೆರಾ, ಕ್ಯಾಮೆರಾವನ್ನು ಮೇಜಿನ ಮೇಲೆ ಎತ್ತರಿಸಿ ನಿಲ್ಲಿಸಲು ಒಂದು ಸ್ಟ್ಯಾಂಡು, ಮೂರು ಸಾಲು ಮೂರು ಕಂಬಗಳ ಒಂಬತ್ತು ಮನೆಗಳಿರುವ ಹಾಸು, 30 ಕಾಗದದ ಕಾರ್ಡ್‌ಗಳ ಒಂದು ಕಟ್ಟು, ಜೊತೆಗೆ ಇನ್ನೂ ಎಂಟು ಕಾರ್ಡ್‌ಗಳಿದ್ದ ಒಂದು ಮುಚ್ಚಿದ ಪೊಟ್ಟಣ ಇದ್ದವು.

ಆಟಗಾರ ಹಾಸಿನ ಒಂದು ಮನೆಯಲ್ಲಿ ಕಾರ್ಡ್ ಇಡುತ್ತಾನೆ. ಕಾರ್ಡಿನ ಅಂಚಿನಲ್ಲಿ ಅಚ್ಚಾದ ಗುರುತುಗಳನ್ನು ಮೇಲಿನ ಕ್ಯಾಮೆರಾ ಓದುತ್ತದೆ. ಮರುಕ್ಷಣವೇ ಟಿವಿ ಪರದೆಯ ಮೇಲೆ, ಅದೇ ಮನೆಯಲ್ಲಿ, ಕಾರ್ಡಿನ ಚಿತ್ರದಲ್ಲಿದ್ದ ಪ್ರಾಣಿ ಎದ್ದು ನಿಲ್ಲುತ್ತದೆ. ಒಂಬತ್ತರಲ್ಲಿ ಐದು ಮನೆಗಳನ್ನು ಹಿಡಿದವನು ಗೆದ್ದಂತೆ. ಎದುರಾಳಿ ಪಕ್ಕದಲ್ಲೇ ಕೂತಿರಬಹುದು, ಇಂಟರ್ನೆಟ್‌ನಲ್ಲಿ ಇನ್ನೊಂದು ಊರಿನಲ್ಲೂ ಇರಬಹುದು.

ಮೂರು ವರ್ಷ ಕಳೆಯುವಷ್ಟರಲ್ಲಿ ಸೋನಿ ಈ ದಾರಿಯನ್ನು ಬಿಟ್ಟಿತು. 2010ರಲ್ಲಿ ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ ಯಂತ್ರಕ್ಕೆ ಅದೇ ಆಟದ ಇನ್ನೊಂದು ರೂಪ ಬಂದಾಗ ಕಾಗದದ ಕಾರ್ಡ್ ಇರಲಿಲ್ಲ, ಕ್ಯಾಮೆರಾವೂ ಇರಲಿಲ್ಲ. ಎಲ್ಲವೂ ಪರದೆಯೊಳಗೆ ಸೇರಿಹೋಗಿತ್ತು.

ಕಾರ್ಡ್‌ಗಳನ್ನು ಕೂಡಿಸುವ ಹುಚ್ಚನ್ನೂ ಟಿವಿಗೆ ಜೋಡಿಸಿ ಆಡುವ ಯಂತ್ರವನ್ನೂ ಒಂದು ಮಾಡುವ ಯೋಚನೆ ಸುಮಾರು ಮೂವತ್ತು ವರ್ಷಗಳಿಂದ ಮತ್ತೆ ಮತ್ತೆ ತಲೆ ಎತ್ತುತ್ತಿದೆ. ಯೋಚನೆ ಮಾಡಿದವರೆಲ್ಲ ಒಂದೇ ಪ್ರಶ್ನೆಗೆ ಬಂದು ನಿಂತಿದ್ದಾರೆ: ಕಾಗದ ಹೋದಮೇಲೆ ಕಾರ್ಡ್ ಯಾರದು?

ಪೂರ್ತಿ ಕಟ್ಟು, ಅಪೂರ್ತಿ ಕಟ್ಟು

ಹಳೆಯ ಇಸ್ಪೀಟಿನ ಆಟಗಳಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ಒಂದು ಕಟ್ಟು ಎಂದರೆ ಪೂರ್ತಿ ಕಟ್ಟು. 52ರಲ್ಲಿ ಒಂದು ಎಲೆ ಕಳೆದರೂ ಆಟ ನಿಂತಿತು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ತಲಾ ಹನ್ನೆರಡರಂತೆ 120 ಎಲೆಗಳು. ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ಇವತ್ತಿಗೂ ಅವನ್ನು ಕೈಯಿಂದ ಬರೆಯುವವರಿದ್ದಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾವನ್ನು ಇನ್ನಷ್ಟು ಬೆಳೆಸಿ ‘ಛದ’ ಎಂಬ ಆಟಗಳನ್ನು ರೂಪಿಸಿದರು. ಅವುಗಳ ವಿವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿದೆ. ದೊಡ್ಡ ಆಟಕ್ಕೆ 360 ಎಲೆಗಳು ಬೇಕಾಗುತ್ತಿದ್ದವು. ಅಷ್ಟು ದೊಡ್ಡ ಕಟ್ಟಾದರೂ ಎಲ್ಲಿಗೆ ಮುಗಿಯುತ್ತದೆಂದು ಆಡುವವರೆಲ್ಲರಿಗೂ ಗೊತ್ತಿತ್ತು. ಅರಸ ಆಡಿದರೂ ಸೇವಕ ಆಡಿದರೂ ಎಲೆ ಹಂಚುತ್ತಿದ್ದುದು ಒಂದೇ ಕಟ್ಟಿನಿಂದ.

ಕೂಡಿಸುವ ಹುಚ್ಚು ಬಂದದ್ದು ಬೇರೆ ದಾರಿಯಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಸಿಗರೇಟು ಕಂಪನಿಗಳು ಪ್ಯಾಕು ಮುದುರದಿರಲಿ ಎಂದು ಒಳಗೆ ಒಂದು ರಟ್ಟಿನ ತುಂಡು ಇಡುತ್ತಿದ್ದವು. ಆಮೇಲೆ ಆ ರಟ್ಟಿನ ಮೇಲೆ ನಟಿಯರ, ಬೇಸ್‌ಬಾಲ್ ಆಟಗಾರರ ಚಿತ್ರ ಅಚ್ಚು ಹಾಕತೊಡಗಿದವು. ಒಳಗೆ ಯಾರ ಚಿತ್ರವಿದೆ ಎಂಬುದು ಪ್ಯಾಕು ಒಡೆಯುವ ತನಕ ಗೊತ್ತಾಗುತ್ತಿರಲಿಲ್ಲ. 1909ರಿಂದ 1911ರ ನಡುವೆ ಹೀಗೆ ಬಂದ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಒಂದು ಕಾರ್ಡು 2022ರಲ್ಲಿ 72 ಲಕ್ಷ ಡಾಲರ್‌ಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ನಮ್ಮ ಕಡೆ ಬೆಂಕಿಪೊಟ್ಟಣದ ಚಿತ್ರ, ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರ ಕೂಡಿಸಿದವರಿಗೆ ಆ ರುಚಿ ಗೊತ್ತು. ಒಂದೇ ಚಿತ್ರ ಎರಡು ಸಲ ಬಂದರೆ ಬೇಸರ. ಆದರೆ ಆ ಎರಡನೆಯದೇ ಪಕ್ಕದ ಮನೆಯ ಹುಡುಗನ ಜೊತೆ ವ್ಯವಹಾರ ಶುರುವಾಗಲು ಕಾರಣ.

ಈ ಎರಡು ದಾರಿಗಳು ಕೂಡಿದ್ದು 1993ರಲ್ಲಿ. ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ತಾವು ಮಾಡಿದ್ದ ಒಂದು ಬೋರ್ಡ್ ಆಟವನ್ನು ‘ವಿಝರ್ಡ್ಸ್ ಆಫ್ ದಿ ಕೋಸ್ಟ್’ ಎಂಬ ಸಣ್ಣ ಕಂಪನಿಗೆ ತೋರಿಸಿದ್ದರು. ಅದನ್ನು ಅಚ್ಚು ಮಾಡುವಷ್ಟು ಬಂಡವಾಳ ಕಂಪನಿಯ ಯಜಮಾನ ಪೀಟರ್ ಆಡ್ಕಿಸನ್ ಹತ್ತಿರ ಇರಲಿಲ್ಲ. ಜೇಬಿನಲ್ಲಿ ಇಟ್ಟುಕೊಂಡು ಹೋಗುವಂಥ, ಬೇಗ ಆಡಿ ಮುಗಿಸುವಂಥ ಆಟವಿದ್ದರೆ ಹೇಳಿ ಎಂದರು. ಗಾರ್ಫೀಲ್ಡ್ ತಂದುಕೊಟ್ಟದ್ದು ‘ಮ್ಯಾಜಿಕ್: ದಿ ಗ್ಯಾದರಿಂಗ್’.

ಮ್ಯಾಜಿಕ್‌ನಲ್ಲಿ ಪೂರ್ತಿ ಕಟ್ಟು ಎಂಬುದೇ ಇಲ್ಲ. ಮೊದಲ ಮುದ್ರಣದಲ್ಲಿ 295 ಬಗೆಯ ಕಾರ್ಡ್‌ಗಳಿದ್ದವು. 60 ಕಾರ್ಡ್‌ಗಳ ಕಟ್ಟು ಕೊಂಡವನಿಗೆ ಅದರಲ್ಲಿ ಯಾವುದು ಸಿಕ್ಕೀತು ಎಂಬುದು ಅದೃಷ್ಟ. ಇನ್ನಷ್ಟು ಬೇಕಿದ್ದರೆ 15 ಕಾರ್ಡ್‌ಗಳ ಪೊಟ್ಟಣ ಕೊಳ್ಳಬೇಕು, ಇಲ್ಲವೇ ಇನ್ನೊಬ್ಬನ ಜೊತೆ ಅದಲುಬದಲು ಮಾಡಿಕೊಳ್ಳಬೇಕು. ಪ್ರತಿಯೊಬ್ಬನೂ ತನ್ನದೇ ಕಟ್ಟು ಕಟ್ಟಿಕೊಂಡು ಆಟಕ್ಕೆ ಬರುತ್ತಾನೆ. ಮೊದಲ ಮುದ್ರಣದ 26 ಲಕ್ಷ ಕಾರ್ಡ್‌ಗಳು ಕೆಲವೇ ವಾರಗಳಲ್ಲಿ ಖಾಲಿಯಾದವು.

ಮೊದಲ ನಿಯಮ ಪುಸ್ತಕದಲ್ಲಿ ಇನ್ನೊಂದು ಮಾತೂ ಇತ್ತು: ಪಣ. ಆಟ ಶುರುವಾಗುವ ಮುಂಚೆ ಇಬ್ಬರೂ ತಮ್ಮ ಕಟ್ಟಿನಿಂದ ಒಂದೊಂದು ಕಾರ್ಡ್ ತೆಗೆದು ಪಕ್ಕಕ್ಕಿಡಬೇಕು, ಗೆದ್ದವನು ಎರಡನ್ನೂ ಒಯ್ಯಬೇಕು. ಇದು ಜೂಜಾಗುತ್ತದೆ ಎಂಬ ಆಕ್ಷೇಪ ಬಂತು. ಕಷ್ಟಪಟ್ಟು ಕೂಡಿಸಿದ್ದನ್ನು ಕಳೆದುಕೊಳ್ಳಲು ಆಟಗಾರರಿಗೂ ಮನಸ್ಸಿರಲಿಲ್ಲ. ಹೊಸ ಕಾರ್ಡ್‌ಗಳಿಂದ ಪಣದ ನಿಯಮ ಬೇಗನೆ ಮರೆಯಾಯಿತು. ಪೊಟ್ಟಣವನ್ನು ಜೂಜು ಎಂದವರು ಮಾತ್ರ ಆಗ ಕಡಿಮೆ. ಒಂದು ಕಾರಣ ಸರಳ. ಬೇಡದ ಕಾರ್ಡ್ ಬಂದರೂ ಅದು ಕೈಯಲ್ಲಿ ಉಳಿಯುತ್ತಿತ್ತು, ಬೇಕಾದವನಿಗೆ ಕೊಡಬಹುದಿತ್ತು.

ಕೇಬಲ್ಲಿನ ಆ ತುದಿಯ ಗೆಳೆಯ

ಕಾರ್ಡ್ ಆಟವನ್ನು ಯಂತ್ರಕ್ಕೆ ತಂದವರಲ್ಲಿ ಜಪಾನಿಯರು ಮುಂಚೂಣಿಯಲ್ಲಿದ್ದರು. ಅಲ್ಲಿನ ನಿಂಟೆಂಡೊ ಕಂಪನಿ ಹುಟ್ಟಿದ್ದೇ ಕಾರ್ಡ್ ಮಾಡುವುದಕ್ಕೆ. 1889ರಲ್ಲಿ ಕ್ಯೋಟೋ ನಗರದಲ್ಲಿ ಫುಸಾಜಿರೊ ಯಾಮಾಉಚಿ ಹೂವಿನ ಚಿತ್ರಗಳ ‘ಹಾನಾಫುಡಾ’ ಎಲೆಗಳನ್ನು ಮಾಡಿ ಮಾರಲು ತೆರೆದ ಅಂಗಡಿ ಅದು. ಹನ್ನೆರಡು ತಿಂಗಳಿಗೆ ನಾಲ್ಕು ನಾಲ್ಕರಂತೆ 48 ಎಲೆಗಳು. ಆ ಎಲೆಗಳನ್ನು ಕಂಪನಿ ಬಹುಕಾಲದ ನಂತರವೂ ಮಾಡುವುದು ಬಿಡಲಿಲ್ಲ.

1996ರಲ್ಲಿ ನಿಂಟೆಂಡೊದ ಗೇಮ್ ಬಾಯ್ ಯಂತ್ರಕ್ಕೆ ‘ಪೋಕೆಮಾನ್’ ಬಂತು. ಅದು ಕಾರ್ಡ್ ಆಟವಲ್ಲ. ಆದರೆ ಅದರ ಕರ್ತೃ ಸತೋಶಿ ತಾಜಿರಿ ಚಿಕ್ಕಂದಿನಲ್ಲಿ ಹುಳು ಹಿಡಿದು ಕೂಡಿಸುತ್ತಿದ್ದವರು. ಎರಡು ಗೇಮ್ ಬಾಯ್‌ಗಳನ್ನು ಜೋಡಿಸುವ ಕೇಬಲ್ಲನ್ನು ಕಂಡಾಗ ಅದರ ಮೂಲಕ ಹುಳುಗಳು ಆಚೀಚೆ ಹರಿದಾಡುವುದು ಅವರಿಗೆ ಕಂಡಿತು. ಅದಕ್ಕಾಗಿಯೇ ಆಟವನ್ನು ಕೆಂಪು, ಹಸಿರು ಎಂದು ಎರಡು ಬಗೆಯಾಗಿ ಮಾಡಿದರು. ಒಂದರಲ್ಲಿ ಸಿಗುವ ಕೆಲವು ಪ್ರಾಣಿಗಳು ಇನ್ನೊಂದರಲ್ಲಿ ಸಿಗುವುದಿಲ್ಲ. ಒಬ್ಬನೇ ಕೂತು ಎಷ್ಟು ಆಡಿದರೂ ಸಂಗ್ರಹ ಪೂರ್ತಿಯಾಗುವುದಿಲ್ಲ. ಗೆಳೆಯ ಬೇಕೇ ಬೇಕು.

ಅದೇ ವರ್ಷ ಪೋಕೆಮಾನ್ ಕಾಗದದ ಕಾರ್ಡ್ ಆಟವೂ ಆಯಿತು. 1998ರ ಡಿಸೆಂಬರ್‌ನಲ್ಲಿ ಆ ಕಾರ್ಡ್ ಆಟ ಮತ್ತೆ ಗೇಮ್ ಬಾಯ್‌ಗೇ ಮರಳಿತು. ಹಡ್ಸನ್ ಸಾಫ್ಟ್ ರೂಪಿಸಿದ ಈ ಆಟದಲ್ಲಿ ಕಾರ್ಡ್ ಕ್ಲಬ್ಬುಗಳಿಗೆ ಹೋಗಿ ಪಂದ್ಯ ಗೆದ್ದರೆ ಬಹುಮಾನವಾಗಿ ಹತ್ತು ಕಾರ್ಡ್‌ಗಳ ಪೊಟ್ಟಣ ಸಿಗುತ್ತಿತ್ತು. ಇನ್ನೂರಕ್ಕೂ ಹೆಚ್ಚು ಕಾರ್ಡ್‌ಗಳನ್ನು ಕೂಡಿಸಲು ಮತ್ತೆ ದುಡ್ಡು ಕೊಡುವಂತಿರಲಿಲ್ಲ. ಕಾರ್ಟ್ರಿಜ್ ಕೊಂಡಲ್ಲಿಗೆ ವ್ಯವಹಾರ ಮುಗಿಯಿತು. ಇಬ್ಬರು ಗೇಮ್ ಬಾಯ್ ಕಲರ್ ಯಂತ್ರಗಳನ್ನು ಎದುರುಬದುರು ಹಿಡಿದರೆ ಇನ್‌ಫ್ರಾರೆಡ್ ಕಿರಣದ ಮೂಲಕ ಇಬ್ಬರಿಗೂ ಒಂದೊಂದು ಕಾರ್ಡ್ ಬರುವ ವ್ಯವಸ್ಥೆಯೂ ಇತ್ತು. ಎರಡು ಕಾರ್ಡ್‌ಗಳಂತೂ ಹಾಗೆ ಮಾತ್ರವೇ ಸಿಗುತ್ತಿದ್ದವು.

ಇದೇ ಕಾಲದಲ್ಲಿ ಬೇರೆ ಪ್ರಯತ್ನಗಳೂ ನಡೆದವು. 1997ರಲ್ಲಿ ಸೆಗಾ ಸ್ಯಾಟರ್ನ್ ಯಂತ್ರಕ್ಕೆ ಬಂದ ‘ಕಲ್ಡ್‌ಸೆಪ್ಟ್’ ವ್ಯಾಪಾರದ ಬೋರ್ಡ್ ಆಟವನ್ನೂ ಕಾರ್ಡ್ ಆಟವನ್ನೂ ಬೆರೆಸಿತು. ಅದರ ಕಾರ್ಡ್‌ಗಳು ಹುಟ್ಟಿದ್ದೇ ಪರದೆಯ ಮೇಲೆ. ‘ಯುಗಿಯೋ’ ಕಾರ್ಡ್‌ಗಳ ಮೂಲೆಯಲ್ಲಿ ಕೊನಾಮಿ ಕಂಪನಿ ಎಂಟು ಅಂಕಿಗಳ ಒಂದು ಸಂಖ್ಯೆಯನ್ನು ಅಚ್ಚು ಹಾಕಿತು. ಹಲವು ಯುಗಿಯೋ ವಿಡಿಯೋ ಗೇಮ್‌ಗಳಲ್ಲಿ ಆ ಸಂಖ್ಯೆ ಒತ್ತಿದರೆ ಕಾಗದದ ಕಾರ್ಡು ಯಂತ್ರದೊಳಗೂ ಬಂತು. ಸಂಖ್ಯೆಗೆ ಬಾಯಿಮಾತೇ ಸಾಕು ಎಂಬುದು ಶಾಲೆಯ ಮಕ್ಕಳಿಗೆ ಹೊಳೆಯಲು ಹೆಚ್ಚು ದಿನ ಬೇಕಿರಲಿಲ್ಲ.

ಕ್ಯಾಮೆರಾ ಕಂಡದ್ದು, ಕಾಣದ್ದು

ಹೊಸ ಶತಮಾನದಲ್ಲಿ ಕಾಗದ ಮತ್ತು ಯಂತ್ರದ ನಡುವೆ ಸೇತುವೆ ಕಟ್ಟುವ ಕೆಲಸಕ್ಕೆ ಹಲವರು ಕೈಹಾಕಿದರು. ನಿಂಟೆಂಡೊ 2001ರ ಕೊನೆಯಲ್ಲಿ ಜಪಾನಿನಲ್ಲಿ ‘ಇ-ರೀಡರ್’ ಎಂಬ ಉಪಕರಣ ತಂದಿತು. ಅಂಚಿನಲ್ಲಿ ಸಣ್ಣ ಚುಕ್ಕಿಗಳ ಪಟ್ಟಿ ಇರುವ ಕಾರ್ಡನ್ನು ಅದರ ಸೀಳಿನಲ್ಲಿ ಎಳೆದರೆ ಒಳಗಿನ ಮಾಹಿತಿ ಗೇಮ್ ಬಾಯ್ ಅಡ್ವಾನ್ಸ್ ಯಂತ್ರಕ್ಕೆ ಹೋಗುತ್ತಿತ್ತು. ಐದು ಕಾರ್ಡ್‌ಗಳನ್ನು ಒಂದಾದ ಮೇಲೊಂದು ಎಳೆದರೆ ಹಳೆಯ ಕಾಲದ ಒಂದು ಇಡೀ ಆಟವೇ ಮೂಡುತ್ತಿತ್ತು. ಅಮೆರಿಕದಲ್ಲಿ ಅದು ಎರಡು ವರ್ಷಕ್ಕೇ ಮೂಲೆ ಸೇರಿತು. ಸೆಗಾ ಜಪಾನಿನ ಆಟದ ಅಂಗಡಿಗಳಲ್ಲಿ ದೊಡ್ಡ ಯಂತ್ರಗಳನ್ನಿಟ್ಟು, ಫುಟ್‌ಬಾಲ್ ಆಟಗಾರರ ಕಾರ್ಡ್‌ಗಳನ್ನು ಮೇಜಿನ ಮೇಲೆ ಸರಿಸಿ ಪಂದ್ಯ ನಡೆಸುವ ಆಟವನ್ನು 2002ರಲ್ಲಿ ತಂದು ಗೆದ್ದಿತು. ಅಲ್ಲಿ ಕಾರ್ಡು ಯಂತ್ರದಿಂದಲೇ ಹೊರಬರುತ್ತಿತ್ತು, ಆಡಿದವನ ಜೇಬಿಗೆ ಸೇರುತ್ತಿತ್ತು.

ಮನೆಯ ಯಂತ್ರದಲ್ಲಿ ಇದನ್ನೇ ಸಾಧಿಸಲು ಹೊರಟದ್ದು ‘ದಿ ಐ ಆಫ್ ಜಡ್ಜ್‌ಮೆಂಟ್’. ಕಾರ್ಡ್‌ಗಳ ವಿಷಯದಲ್ಲಿ ಸೋನಿ ಜೊತೆ ಕೈಜೋಡಿಸಿದ್ದು ಮ್ಯಾಜಿಕ್ ಮಾಡಿದ ವಿಝರ್ಡ್ಸ್ ಕಂಪನಿಯೇ. ಯೋಚನೆ ಅಚ್ಚುಕಟ್ಟಾಗಿತ್ತು. ಕಾರ್ಡು ಕಾಗದದ್ದು, ಆದ್ದರಿಂದ ಕೊಂಡವನ ಸ್ವಂತದ್ದು. ಗೆಳೆಯನಿಗೆ ಕೊಡಬಹುದು, ಮಾರಬಹುದು, ಪುಸ್ತಕದ ನಡುವೆ ಬಚ್ಚಿಡಬಹುದು. ಲೆಕ್ಕ ಹಾಕುವುದು, ನಿಯಮ ಕಾಯುವುದು, ಕಣ್ಣಿಗೆ ಹಬ್ಬ ಮಾಡುವುದು ಯಂತ್ರದ ಕೆಲಸ.

ಎಡವಿದ್ದು ಸಣ್ಣ ಸಂಗತಿಗಳಲ್ಲಿ. ಕೋಣೆಯ ಬೆಳಕು ಕಡಿಮೆಯಾದರೆ ಕ್ಯಾಮೆರಾ ಕಾರ್ಡನ್ನು ಗುರುತಿಸಲು ತಡವರಿಸುತ್ತಿತ್ತು. ಸೋಫಾದಲ್ಲಿ ಒರಗಿ ಆಡುವ ಅಭ್ಯಾಸದವರು ಟಿವಿ ಮುಂದೆ ಮೇಜು ಎಳೆದುಕೊಂಡು ಹಾಸು ಹಾಸಬೇಕಿತ್ತು. ಎಲ್ಲಕ್ಕಿಂತ ದೊಡ್ಡ ತೊಡಕು ಇನ್ನೊಂದು. ಕ್ಯಾಮೆರಾ ನೋಡುತ್ತಿದ್ದುದು ಅಂಚಿನ ಗುರುತುಗಳನ್ನು ಮಾತ್ರ. ಅಪರೂಪದ ಕಾರ್ಡಿನ ಜೆರಾಕ್ಸ್ ಪ್ರತಿ ಇಟ್ಟರೂ ಪರದೆಯ ಮೇಲೆ ಅದೇ ಪ್ರಾಣಿ ಎದ್ದು ನಿಲ್ಲುತ್ತಿತ್ತು. ಎದುರುಬದುರು ಕೂತಾಗ ಗೆಳೆಯನ ಮುಖ ನೋಡಿ ನಾಚಿಕೆಯಾಗಬಹುದು. ಆದರೆ ಇಂಟರ್ನೆಟ್‌ನ ಆ ತುದಿಯಲ್ಲಿ ಕೂತವನು ಇಟ್ಟದ್ದು ಅಚ್ಚಾದ ಕಾರ್ಡೋ, ಮನೆಯ ಪ್ರಿಂಟರಿನ ಹಾಳೆಯೋ ಯಾರಿಗೆ ಗೊತ್ತು?

ಯಂತ್ರಕ್ಕೆ ಕಾರ್ಡು ಯಾರದು ಎಂದು ತಿಳಿಯಬೇಕಿದ್ದರೆ ಅದಕ್ಕೊಂದು ಲೆಕ್ಕದ ಪುಸ್ತಕ ಬೇಕು. ಆ ಪುಸ್ತಕ ಕಂಪನಿಯ ಕೈಯಲ್ಲಿರಬೇಕು. ಹೀಗೆ ಕಾಗದ ಬಿಟ್ಟುಹೋದ ಜಾಗಕ್ಕೆ ಖಾತೆ ಬಂತು.

2009ರ ಎರಡು ದಾರಿಗಳು

2009ರಲ್ಲಿ, ಮೂರು ತಿಂಗಳ ಅಂತರದಲ್ಲಿ, ಮನೆಯ ಕನ್ಸೋಲ್‌ಗೆ ಎರಡು ಕಾರ್ಡ್ ಆಟಗಳು ಬಂದವು. ಎರಡೂ ಜನರಿಗೆ ಹಿಡಿಸಿದವು, ಆದರೆ ಎರಡರ ದಾರಿ ಬೇರೆ.

ಜೂನ್‌ನಲ್ಲಿ ಎಕ್ಸ್‌ಬಾಕ್ಸ್ 360 ಯಂತ್ರಕ್ಕೆ ಬಂದದ್ದು ‘ಡ್ಯೂಯಲ್ಸ್ ಆಫ್ ದಿ ಪ್ಲೇನ್ಸ್‌ವಾಕರ್ಸ್’. ಬ್ರಿಟನ್ನಿನ ಸ್ಟೇನ್‌ಲೆಸ್ ಗೇಮ್ಸ್ ರೂಪಿಸಿದ ಮ್ಯಾಜಿಕ್ ಆಟ, ಬೆಲೆ ಸುಮಾರು ಹತ್ತು ಡಾಲರ್. ಇದರಲ್ಲಿ ಪೊಟ್ಟಣವಿರಲಿಲ್ಲ. ಸಿದ್ಧ ಕಟ್ಟುಗಳಿದ್ದವು. ಪಂದ್ಯ ಗೆದ್ದ ಹಾಗೆಲ್ಲ ಆ ಕಟ್ಟಿಗೆ ಒಂದೊಂದು ಕಾರ್ಡ್ ಸೇರುತ್ತಿತ್ತು. ತನಗೆ ಬೇಕಾದಂತೆ ಕಟ್ಟು ಕಟ್ಟಿಕೊಳ್ಳುವ ಸ್ವಾತಂತ್ರ್ಯ ಇಲ್ಲ ಎಂದು ಹಳೆಯ ಮ್ಯಾಜಿಕ್ ಆಟಗಾರರು ಗೊಣಗಿದರು. ಗಂಜೀಫಾ ಆಡಿದವರಿಗಾದರೆ ಇದು ಪರಿಚಿತ ಏರ್ಪಾಡು: ಎಲ್ಲರಿಗೂ ಒಂದೇ ಕಟ್ಟು, ಮಿಕ್ಕದ್ದು ಕೈಚಳಕ.

ಇನ್ನೊಂದು ಮಾರ್ಚ್‌ನಲ್ಲೇ ಬಂದಿತ್ತು. ಇಎ ಕಂಪನಿಯ ‘ಫಿಫಾ 09’ ಫುಟ್‌ಬಾಲ್ ಆಟಕ್ಕೆ ಸೇರ್ಪಡೆಯಾಗಿ ಬಂದ ‘ಅಲ್ಟಿಮೇಟ್ ಟೀಮ್’. ಹನ್ನೊಂದು ಮಂದಿಯ ತಂಡವನ್ನು ಕಾರ್ಡ್‌ಗಳಿಂದ ಕಟ್ಟಬೇಕು, ಕಾರ್ಡ್‌ಗಳು ಪೊಟ್ಟಣದಲ್ಲಿ ಬರುತ್ತವೆ. ಪೊಟ್ಟಣವನ್ನು ಆಡಿ ಗಳಿಸಿದ ನಾಣ್ಯದಿಂದಲೂ ಕೊಳ್ಳಬಹುದು, ನಿಜವಾದ ದುಡ್ಡಿನಿಂದಲೂ ಕೊಳ್ಳಬಹುದು. ಬೇಡದ ಆಟಗಾರನನ್ನು ಹರಾಜಿಗಿಡಬಹುದು. ಎಂದರೆ ಕೊಡು-ಕೊಳ್ಳುವಿಕೆ ಪೂರ್ತಿ ಸಾಯಲಿಲ್ಲ, ಸಂತೆಯಾಯಿತು. ಮಾರಾಟವಾದ ಬೆಲೆಯಲ್ಲಿ ನೂರಕ್ಕೆ ಐದು ನಾಣ್ಯವನ್ನು ಆಟವೇ ಸುಂಕವಾಗಿ ಹಿಡಿದುಕೊಳ್ಳುತ್ತಿತ್ತು. ಕೊಂಡವನು ಯಾರೆಂದು ಮಾರಿದವನಿಗೆ ತಿಳಿಯಬೇಕಾಗಿಯೂ ಇರಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಮುಂದಿನ ವರ್ಷ ಹೊಸ ಫಿಫಾ ಬಂದಾಗ ಸಂಗ್ರಹ ಮತ್ತೆ ಸೊನ್ನೆಯಿಂದ ಶುರು.

ದುಡ್ಡು ಯಾವ ದಾರಿಯಲ್ಲಿದೆ ಎಂಬುದು ಬೇಗನೆ ತಿಳಿಯಿತು. 2021ರ ಮಾರ್ಚ್‌ಗೆ ಮುಗಿದ ಹಣಕಾಸು ವರ್ಷದಲ್ಲಿ ಇಎ ತನ್ನ ಕ್ರೀಡಾ ಆಟಗಳ ಅಲ್ಟಿಮೇಟ್ ಟೀಮ್‌ಗಳಿಂದ ಗಳಿಸಿದ್ದು 160 ಕೋಟಿ ಡಾಲರ್‌ಗೂ ಹೆಚ್ಚು. ಸಿದ್ಧ ಕಟ್ಟಿನ ಮ್ಯಾಜಿಕ್ ಕೂಡ 2015ರ ‘ಮ್ಯಾಜಿಕ್ ಡ್ಯೂಯಲ್ಸ್’ ಹೊತ್ತಿಗೆ ಪೊಟ್ಟಣದ ದಾರಿಗೇ ಬಂತು. ಅದರ ಮಾರಾಟ 2019ರಲ್ಲಿ ನಿಂತಿತು.

ಕಂಪ್ಯೂಟರಿನಲ್ಲಿ 2014ರಲ್ಲಿ ಶುರುವಾದ ‘ಹಾರ್ತ್‌ಸ್ಟೋನ್’ ಅದಲುಬದಲನ್ನು ಪೂರ್ತಿ ತೆಗೆದುಹಾಕಿ, ಅದರ ಜಾಗದಲ್ಲಿ ‘ಪುಡಿ’ಯನ್ನು ತಂದಿತು. ಬೇಡದ ಕಾರ್ಡನ್ನು ಪುಡಿ ಮಾಡಿ, ಆ ಪುಡಿಯಿಂದ ಬೇಕಾದ ಕಾರ್ಡ್ ಮಾಡಿಕೊಳ್ಳಬೇಕು. ಅತಿ ಅಪರೂಪದ ಒಂದು ಕಾರ್ಡನ್ನು ಪುಡಿ ಮಾಡಿದರೆ 400, ಅಂಥದ್ದೇ ಒಂದನ್ನು ಮಾಡಿಕೊಳ್ಳಲು 1600. ನಾಲ್ಕು ಕೊಟ್ಟು ಒಂದು ತರುವ ವ್ಯಾಪಾರ. ಬೆಂಕಿಪೊಟ್ಟಣದ ಚಿತ್ರಗಳ ಸಂತೆಯಲ್ಲಿ ಇಂಥ ದರ ಹೇಳಿದ ಹುಡುಗನ ಹತ್ತಿರ ಎರಡನೆಯ ಸಲ ಯಾರೂ ಹೋಗುತ್ತಿರಲಿಲ್ಲ. ಇಲ್ಲಿ ಬೇರೆ ಅಂಗಡಿಯೇ ಇರಲಿಲ್ಲ. ಹಾರ್ತ್‌ಸ್ಟೋನ್ ಟಿವಿ ಯಂತ್ರಗಳಿಗೆ ಬರಲಿಲ್ಲ, ಆದರೆ ಅದರ ಪದ್ಧತಿ ಬಂತು. 2022ರಲ್ಲಿ ಕನ್ಸೋಲ್‌ಗಳಿಗೂ ಬಂದ ‘ಯುಗಿಯೋ ಮಾಸ್ಟರ್ ಡ್ಯುಯೆಲ್’ನಲ್ಲೂ ಆಟಗಾರರ ನಡುವೆ ಅದಲುಬದಲು ಇಲ್ಲ.

ಪೊಟ್ಟಣ ಜೂಜೇ?

1993ರಲ್ಲಿ ಪಣಕ್ಕೆ ಎದ್ದ ಪ್ರಶ್ನೆ ಇಪ್ಪತ್ತು ವರ್ಷಗಳ ನಂತರ ಪೊಟ್ಟಣಕ್ಕೆ ಎದ್ದಿತು. ಜಪಾನಿನಲ್ಲಿ ಮೊಬೈಲ್ ಆಟಗಳು ಪೊಟ್ಟಣದಿಂದ ಬರುವ ಕೆಲವು ನಿರ್ದಿಷ್ಟ ಕಾರ್ಡ್‌ಗಳ ಜೋಡಿ ಪೂರ್ತಿಯಾದರೆ ದೊಡ್ಡ ಬಹುಮಾನ ಎಂದು ಆಸೆ ಹುಟ್ಟಿಸುತ್ತಿದ್ದವು. 2012ರಲ್ಲಿ ಅಲ್ಲಿನ ಗ್ರಾಹಕ ವ್ಯವಹಾರಗಳ ಇಲಾಖೆ ಈ ಪದ್ಧತಿ ಕಾನೂನಿಗೆ ವಿರುದ್ಧ ಎಂದಿತು. 2018ರಲ್ಲಿ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ ದುಡ್ಡಿಗೆ ಮಾರುವ ಇಂಥ ಪೊಟ್ಟಣಗಳನ್ನು ಜೂಜೆಂದು ಕರೆಯಿತು. ಮರುವರ್ಷದ ಆರಂಭದಲ್ಲಿ ಇಎ ಆ ದೇಶದಲ್ಲಿ ದುಡ್ಡಿಗೆ ಫಿಫಾ ಪಾಯಿಂಟ್ ಮಾರುವುದನ್ನು ನಿಲ್ಲಿಸಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಇಎಗೆ ಒಂದು ಕೋಟಿ ಯೂರೋ ದಂಡ ಬಿತ್ತು. 2022ರ ಮಾರ್ಚ್‌ನಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ದಂಡವನ್ನು ರದ್ದು ಮಾಡಿತು. ಪೊಟ್ಟಣ ಒಡೆಯುವುದೇ ಬೇರೆ ಆಟವಲ್ಲ, ಕೌಶಲದ ಆಟವೊಂದರ ಭಾಗ ಎಂಬುದು ಅದರ ತರ್ಕ.

ಒಂದೇ ಪೊಟ್ಟಣ ಒಂದು ದೇಶದಲ್ಲಿ ಜೂಜು, ನೆರೆಯ ದೇಶದಲ್ಲಿ ಅಲ್ಲ. ಎರಡೂ ಕಡೆ ವಾದ ನಡೆದದ್ದು ಪೊಟ್ಟಣದೊಳಗೆ ಏನು ಬರುತ್ತದೆ ಎಂಬ ಅದೃಷ್ಟದ ಸುತ್ತ. ಬಂದದ್ದು ಯಾರದಾಗಿ ಉಳಿಯುತ್ತದೆ ಎಂಬ ಮಾತು ಹಿಂದೆಯೇ ಉಳಿಯಿತು.

ಅದರ ಉತ್ತರವನ್ನು ‘ಗ್ವೆಂಟ್’ ಆಟಗಾರರು ಕಂಡರು. 2015ರಲ್ಲಿ ಬಂದ ‘ದಿ ವಿಚರ್ 3’ ಎಂಬ ಸಾಹಸ ಕಥೆಯ ಆಟದಲ್ಲಿ ಹಳ್ಳಿಯ ಹೋಟೆಲುಗಳಲ್ಲಿ ವ್ಯಾಪಾರಿಗಳ ಜೊತೆ ಕೂತು ಆಡುವ ಕಾರ್ಡ್ ಆಟವೊಂದಿತ್ತು. ಲೋಕ ಉಳಿಸುವ ಕೆಲಸ ಬಿಟ್ಟು ಜನ ಅದನ್ನೇ ಆಡುತ್ತ ಕೂತರು. ಪೋಲೆಂಡಿನ ಸಿಡಿ ಪ್ರೊಜೆಕ್ಟ್ ಕಂಪನಿ ಅದನ್ನು ಪ್ರತ್ಯೇಕ ಆಟವಾಗಿಸಿ 2018ರ ಕೊನೆಗೆ ಕನ್ಸೋಲ್‌ಗಳಿಗೆ ತಂದಿತು. ಒಂದು ವರ್ಷ ತುಂಬುವಾಗ ಕನ್ಸೋಲ್ ಆವೃತ್ತಿಗಳನ್ನು ನಿಲ್ಲಿಸುವುದಾಗಿ ಹೇಳಿತು. 2020ರ ಜೂನ್‌ನಲ್ಲಿ ಅವು ಮುಚ್ಚಿದವು. ಸಂಗ್ರಹವನ್ನು ಕಂಪ್ಯೂಟರ್ ಖಾತೆಗೆ ಒಯ್ಯಲು ಕಂಪನಿ ಅವಕಾಶ ಕೊಟ್ಟಿತು, ಎಲ್ಲ ಕಂಪನಿಗಳೂ ಅಷ್ಟು ಮಾಡುವುದಿಲ್ಲ. ತಮಾಷೆಯೆಂದರೆ, ‘ದಿ ವಿಚರ್ 3’ ಡಿಸ್ಕಿನೊಳಗಿನ ಹಳೆಯ ಗ್ವೆಂಟನ್ನು ಇವತ್ತೂ ಆಡಬಹುದು. ಅದಕ್ಕೆ ಯಾರ ಖಾತೆ ಪುಸ್ತಕವೂ ಬೇಕಿಲ್ಲ.

ಮತ್ತೆ ಗೆಳೆಯನ ಕಡೆಗೆ

ಪೊಟ್ಟಣದ ಪಿತಾಮಹ ಗಾರ್ಫೀಲ್ಡ್ ಅವರಿಗೇ ಇದರ ಬಗ್ಗೆ ಕಸಿವಿಸಿಯಿತ್ತು. 2016ರಲ್ಲಿ ಅವರು ಬರೆದ ಒಂದು ಪ್ರಣಾಳಿಕೆಯಲ್ಲಿ, ಕೆಲವೇ ಮಂದಿಯ ಚಟದ ಸ್ವಭಾವವನ್ನು ಹಿಂಡಿ ಮಿತಿಯಿಲ್ಲದೆ ದುಡ್ಡು ಮಾಡುವ ಆಟಗಳನ್ನು ಖಂಡಿಸಿದರು. 2018ರಲ್ಲಿ ವಾಲ್ವ್ ಕಂಪನಿಯ ಜೊತೆ ಅವರು ರೂಪಿಸಿದ ‘ಆರ್ಟಿಫ್ಯಾಕ್ಟ್’ ಕಂಪ್ಯೂಟರ್ ಆಟದಲ್ಲಿ ಕಾರ್ಡ್‌ಗಳನ್ನು ಆಟಗಾರರೇ ಪರಸ್ಪರ ಮಾರಿ ಕೊಳ್ಳಬಹುದಿತ್ತು. ಆದರೆ ಮೊದಲಿಗೆ 20 ಡಾಲರ್ ಕೊಟ್ಟು ಆಟ ಕೊಂಡು, ಆಮೇಲೆ ಕಾರ್ಡ್‌ಗೂ ದುಡ್ಡು ಕೊಡಬೇಕೇ ಎಂದು ಜನ ಮುಖ ತಿರುಗಿಸಿದರು. 2021ರಲ್ಲಿ ವಾಲ್ವ್ ಅದರ ಕೆಲಸ ನಿಲ್ಲಿಸಿತು. ಅದಲುಬದಲನ್ನು ಮಾರುಕಟ್ಟೆಯಾಗಿ ಮರಳಿ ತಂದರೆ ಗೆಳೆತನ ಮರಳುವುದಿಲ್ಲ ಎಂಬುದು ಅಲ್ಲಿಯ ಪಾಠ.

ಫೋನಿನಲ್ಲಿ ಕಾರ್ಡ್ ಕೂಡಿಸುವ ಹೊಸ ಪೋಕೆಮಾನ್ ಆಟ 2024ರ ಅಕ್ಟೋಬರ್‌ನಲ್ಲಿ ಬಂತು. ಮೂರು ತಿಂಗಳ ನಂತರ ಅದರಲ್ಲಿ ಅದಲುಬದಲಿಗೆ ಅವಕಾಶ ಕೊಟ್ಟರು. ಆದರೆ ಒಂದು ಒಳ್ಳೆಯ ಕಾರ್ಡನ್ನು ಗೆಳೆಯನಿಗೆ ಕೊಡಬೇಕಿದ್ದರೆ ಮೊದಲು ತನ್ನ ಬೇರೆ ಕಾರ್ಡ್‌ಗಳನ್ನು ಕಳೆದುಕೊಂಡು ಟೋಕನ್ ಪಡೆಯಬೇಕಿತ್ತು. ಆಟಗಾರರು ಸಿಟ್ಟಾದರು. ಎರಡನೆಯ ಸಲ ಬಂದ ಚಿತ್ರವನ್ನು ಪಕ್ಕದವನಿಗೆ ಕೊಡಲು ಸುಂಕ ಏಕೆ ಎಂಬ ಆ ಪ್ರಶ್ನೆಗೆ ಕಂಪನಿ ಕೊನೆಗೆ ತಲೆಬಾಗಿ ಟೋಕನ್ ಪದ್ಧತಿಯನ್ನು ಕೈಬಿಟ್ಟಿತು.

ಮುಂದೆ ಕನ್ಸೋಲ್‌ಗೆ ಸಂಗ್ರಹದ ಕಾರ್ಡ್ ಆಟ ಮಾಡಬೇಕೆಂದು ಹೊರಡುವವರಿಗೆ ಈ ಮೂವತ್ತು ವರ್ಷಗಳ ಕತೆಯಲ್ಲಿ ಒಂದು ಸಣ್ಣ ವಸ್ತು ಕಾದಿದೆ. 1998ರ ಆ ಪೋಕೆಮಾನ್ ಕಾರ್ಡ್ ಆಟದ ಕಾರ್ಟ್ರಿಜ್ ಒಳಗೆ ಕೈಗಡಿಯಾರಕ್ಕೆ ಹಾಕುವಂಥ ಒಂದು ಬಟನ್ ಬ್ಯಾಟರಿ ಇದೆ. ಕೂಡಿಸಿದ ಕಾರ್ಡ್‌ಗಳ ನೆನಪನ್ನು ಕಾಯುವುದು ಅದೇ. ಹದಿನೈದಿಪ್ಪತ್ತು ವರ್ಷಕ್ಕೆ ಅದು ತೀರುತ್ತದೆ. ತೀರಿದ ದಿನ ಸಂಗ್ರಹವೂ ಅಳಿಸಿಹೋಗುತ್ತದೆ. ಆದರೆ ಅಂಗಡಿಯಿಂದ ಹೊಸ ಬ್ಯಾಟರಿ ತಂದು ಬೆಸುಗೆ ಹಾಕಿದರೆ ಯಂತ್ರ ಮತ್ತೆ ಎದ್ದು ಕೂರುತ್ತದೆ. ಮೊದಲ ಕ್ಲಬ್ಬಿನ ಬಾಗಿಲು ತೆರೆದಿರುತ್ತದೆ. ಗೆದ್ದವನಿಗೆ ಹತ್ತು ಕಾರ್ಡ್‌ಗಳ ಪೊಟ್ಟಣ ಸಿಗುತ್ತದೆ, ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ಆ ಎರಡು ಕಾರ್ಡ್‌ಗಳು ಮಾತ್ರ ಇನ್ನೊಂದು ಯಂತ್ರ ಹಿಡಿದ ಗೆಳೆಯ ಎದುರಿಗೆ ಬಂದು ಕೂರುವ ತನಕ ಸಿಗುವುದಿಲ್ಲ.